ವಾದವನ್ನು ತೂಗಿ ನೋಡುವುದು ಹೇಗೆ? (ಹಾವಿನ ಮಂತ್ರದ ಒಂದು ಉದಾಹರಣೆ)



‘ವಾದ’ ಅಂದ ಕೂಡಲೇ ನಮಗೆ ನೆನಪಾಗುವುದು ಜಗಳ. “ಎದುರು ವಾದ ಮಾಡ್ಬೇಡ, ಹೇಳಿದಷ್ಟು ಕೇಳು” ಅಂತ ಮನೆಯಲ್ಲಿ ದಿನಕ್ಕೆ ಎರಡು ಸಲವಾದರೂ ಬೈಸಿಕೊಳ್ಳುತ್ತೇವೆ. ಆದರೆ ತರ್ಕಶಾಸ್ತ್ರದಲ್ಲಿ ವಾದ ಎಂದರೆ ಜಗಳವಲ್ಲ. ಒಂದು ಮಾತು ಹೇಳಿ, ಅದನ್ನು ಯಾಕೆ ಒಪ್ಪಬೇಕು ಎಂದು ಕಾರಣ ಕೊಡುವುದೇ ವಾದ. ಪಿ.ಯು.ಸಿ.ಗೆ ಹೋದರೆ ತರ್ಕಶಾಸ್ತ್ರ ಎಂಬುದು ಒಂದು ವಿಷಯವೇ ಇದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸಂತೆಯಲ್ಲಿ ಅರ್ಧ ಕೆ.ಜಿ. ಬೆಲ್ಲ ಕೊಳ್ಳುವಾಗ ತಕ್ಕಡಿಯ ಮುಳ್ಳು ಎಲ್ಲಿ ನಿಂತಿತು ಅಂತ ಬಗ್ಗಿ ನೋಡುವ ನಾವು, ಮಾತನ್ನು ಒಪ್ಪಿಕೊಳ್ಳುವಾಗ ಮಾತ್ರ ತೂಕ ನೋಡುವುದೇ ಇಲ್ಲ. ಆ ತಕ್ಕಡಿ ಹೇಗಿರುತ್ತದೆ ಎಂದು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಹಾವು ಕಡಿತದ ವಿಷಯ. ಮುಂಗಾರು ಶುರುವಾಗಿದೆ. ಬಿಲಕ್ಕೆ ನೀರು ನುಗ್ಗಿ ಹಾವುಗಳು ಹೊರಗೆ ಬರುವ ಕಾಲ. ಅರಳಿಕಟ್ಟೆಯ ಮೇಲೆ ಈ ಮಾತು ನೀವೂ ಕೇಳಿರುತ್ತೀರಿ: “ಹಾವು ಕಚ್ಚಿದ್ರೆ ಆಸ್ಪತ್ರೆ ಯಾಕ್ರೀ? ಮಂತ್ರ ಹಾಕಿಸಿದ್ರೆ ವಿಷ ಇಳಿಯುತ್ತೆ. ಹೋದ ವರ್ಷ ಕೆಳಗಿನ ಬೀದಿಯವರಿಗೆ ಹಾಗೇ ಮಾಡಿಸಿದ್ವಿ. ಮೂರನೇ ದಿನ ಎದ್ದು ಗದ್ದೆಗೆ ಹೋದ್ರು!”

ಇದು ಒಂದು ವಾದ. ಇದನ್ನು ಬೈಯುವುದೂ ಬೇಡ, ತಲೆ ಮೇಲೆ ಹೊರುವುದೂ ಬೇಡ. ತೂಗೋಣ.

ಮೊದಲು ವಾದದ ಭಾಗಗಳನ್ನು ಬಿಡಿಸಿ

ವಾದದಲ್ಲಿ ಎರಡು ಭಾಗ ಇರುತ್ತವೆ. ಒಪ್ಪಿಸಬೇಕಾದ ಮಾತು ‘ತೀರ್ಮಾನ’. ಅದಕ್ಕೆ ಕೊಡುವ ಕಾರಣ ‘ಆಧಾರ’. ‘ಆದ್ದರಿಂದ’, ‘ಹಾಗಾಗಿ’, ‘ಅಂದ್ಮೇಲೆ’ ಎಂಬ ಪದಗಳ ಮುಂದೆ ತೀರ್ಮಾನ ಇರುತ್ತದೆ. ‘ಯಾಕೆಂದರೆ’, ‘ಏಕೆ ಅಂದ್ರೆ’ ಎಂಬುದರ ಮುಂದೆ ಆಧಾರ ಇರುತ್ತದೆ.

ನಮ್ಮ ದೇಶದಲ್ಲಿ ಇದನ್ನು ಬಹಳ ಹಿಂದೆಯೇ ಚೆನ್ನಾಗಿ ವಿಂಗಡಿಸಿದ್ದಾರೆ. ಗೌತಮನ ‘ನ್ಯಾಯಸೂತ್ರ’ದಲ್ಲಿ ವಾದಕ್ಕೆ ಐದು ಅವಯವ ಹೇಳಿದೆ. ನ್ಯಾಯಶಾಸ್ತ್ರದವರು ಯಾವಾಗಲೂ ಕೊಡುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯದು:

1. ಪ್ರತಿಜ್ಞೆ - ಬೆಟ್ಟದ ಮೇಲೆ ಬೆಂಕಿ ಇದೆ.
2. ಹೇತು - ಯಾಕೆಂದರೆ ಅಲ್ಲಿ ಹೊಗೆ ಇದೆ.
3. ಉದಾಹರಣೆ - ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಅಡುಗೆಮನೆಯ ಒಲೆಯ ಹಾಗೆ.
4. ಉಪನಯ - ಈ ಬೆಟ್ಟದ ಮೇಲೂ ಅಂಥ ಹೊಗೆ ಇದೆ.
5. ನಿಗಮನ - ಆದ್ದರಿಂದ ಬೆಟ್ಟದ ಮೇಲೆ ಬೆಂಕಿ ಇದೆ.

ಇದರಲ್ಲಿ ಮೂರನೆಯದೇ ಬೆನ್ನೆಲುಬು. ಹೊಗೆಗೂ ಬೆಂಕಿಗೂ ಬಿಡದ ನಂಟು ಇದೆ ಎಂಬುದನ್ನು ‘ವ್ಯಾಪ್ತಿ’ ಎನ್ನುತ್ತಾರೆ. ವ್ಯಾಪ್ತಿ ಮುರಿದರೆ ವಾದ ಬೀಳುತ್ತದೆ. ಕಂಡದ್ದು ಹೊಗೆಯಲ್ಲ, ಬೆಳಗಿನ ಮಂಜು ಅಂತಾದರೆ ಹೇತುವೇ ಬೀಳುತ್ತದೆ. ಹೀಗೆ ಕಾರಣದಂತೆ ಕಂಡು ಕಾರಣವಾಗದೆ ಹೋಗುವುದಕ್ಕೆ ‘ಹೇತ್ವಾಭಾಸ’ ಎಂದು ಹೆಸರು.

ಈಗ ಅರಳಿಕಟ್ಟೆಯ ವಾದವನ್ನು ಇದೇ ಅಚ್ಚಿನಲ್ಲಿ ಹೊಯ್ದು ನೋಡಿ. ಪ್ರತಿಜ್ಞೆ: ಮಂತ್ರದಿಂದ ವಿಷ ಇಳಿಯುತ್ತದೆ. ಹೇತು: ಮಂತ್ರ ಹಾಕಿಸಿದವರು ಬದುಕಿದರು. ಮೂರನೆಯದು? ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಮಾತಿನ ಒಳಗೆ ಅಡಗಿದೆ. ಎರಡು ಮಾತು ಅಡಗಿವೆ:

ಅ) ಕಚ್ಚಿದ ಹಾವಿನ ವಿಷ ಅವರ ಮೈಗೆ ಏರಿತ್ತು.
ಆ) ಏನು ಮಾಡಿದ ಮೇಲೆ ಬದುಕಿದರೋ ಅದರಿಂದಲೇ ಬದುಕಿದರು.

ಹೇಳಿದ ಮಾತಿಗಿಂತ ಹೇಳದೆ ಬಿಟ್ಟ ಮಾತೇ ಎಷ್ಟೋ ಸಲ ವಾದದ ಭಾರ ಹೊತ್ತಿರುತ್ತದೆ. ಆದ್ದರಿಂದ ಮೊದಲ ಕೆಲಸ: ಅಡಗಿದ ಮಾತನ್ನು ಹೊರಗೆಳೆದು ಬೋರ್ಡಿನ ಮೇಲೆ ಬರೆಯುವುದು.

ಕೊಂಡಿ ಸರಿ, ಆಧಾರ ಸುಳ್ಳು

ವಾದವನ್ನು ತೂಗುವಾಗ ಎರಡು ಪ್ರಶ್ನೆಯನ್ನು ಬೇರೆ ಬೇರೆ ಕೇಳಬೇಕು. ಆಧಾರ ನಿಜವೇ? ಆಧಾರ ನಿಜ ಅಂತಲೇ ಇಟ್ಟುಕೊಂಡರೆ ತೀರ್ಮಾನ ಅದರಿಂದ ಹೊರಡುತ್ತದೆಯೇ? ಇವೆರಡನ್ನೂ ಕಲಸಿಬಿಟ್ಟರೆ ಕೆಟ್ಟಿತು.

ಇದನ್ನು ನೋಡಿ: “ಎಲ್ಲಾ ಹಾವಿಗೂ ವಿಷ ಇದೆ. ಕೇರೆ ಒಂದು ಹಾವು. ಆದ್ದರಿಂದ ಕೇರೆಗೂ ವಿಷ ಇದೆ.” ಇಲ್ಲಿ ಕೊಂಡಿ ಗಟ್ಟಿಯಾಗಿದೆ. ಮೊದಲೆರಡು ಮಾತು ನಿಜವಾಗಿದ್ದರೆ ಮೂರನೆಯದು ನಿಜವಾಗಲೇಬೇಕು. ಆದರೆ ಮೊದಲ ಮಾತೇ ಸುಳ್ಳು. ಭಾರತದಲ್ಲಿ ಸುಮಾರು 300 ಜಾತಿಯ ಹಾವುಗಳಿವೆ. ವಿಷದವು ಅದರಲ್ಲಿ ಸುಮಾರು 60. ಕೇರೆಗೆ ವಿಷವಿಲ್ಲ. ಅದು ಇಲಿ ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಈ ತಪ್ಪು ವಾದದಿಂದ ಸಾಯುವುದು ಪಾಪ ಆ ಕೇರೆ.

ಇನ್ನೊಂದು ನೋಡಿ. ಇದರಲ್ಲಿ ಸಾಯುವುದು ಮನುಷ್ಯ: “ವಿಷದ ಹಾವು ಕಚ್ಚಿದ್ರೆ ಊದಿಕೊಳ್ಳುತ್ತೆ, ಉರಿಯುತ್ತೆ. ಇವನಿಗೆ ಊತವೂ ಇಲ್ಲ, ಉರಿಯೂ ಇಲ್ಲ. ಆದ್ದರಿಂದ ವಿಷ ಇಲ್ಲ, ಮಲಗಲಿ ಬಿಡಿ.” ಇಲ್ಲೂ ಕೊಂಡಿ ಸರಿಯಾಗಿಯೇ ಇದೆ. ಆದರೆ ಮೊದಲ ಮಾತು ಎಲ್ಲಾ ಹಾವಿಗೂ ಹೊಂದುವುದಿಲ್ಲ. ಕಟ್ಟು ಹಾವು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ಅದರ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು. ಊತವಾಗಲಿ ನೋವಾಗಲಿ ಇಲ್ಲದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ಜೋತುಬಿದ್ದು, ಕೊನೆಗೆ ಉಸಿರಾಟವೇ ನಿಲ್ಲಬಹುದು. ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರಿಂದಲೇ ನಮ್ಮ ದೇಶದಲ್ಲಿ ಹೆಚ್ಚು ಸಾವು ಅಂತ ಹೇಳುತ್ತಾರೆ. ನಾಲ್ಕರ ಲಕ್ಷಣವೂ ಒಂದೇ ಅಲ್ಲ.

‘ಎಲ್ಲಾ’ ಎಂಬ ಪದ ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು. ‘ಎಲ್ಲಾ’ ಎಂಬ ಮಾತನ್ನು ಮುರಿಯಲು ಒಂದೇ ಒಂದು ವಿರುದ್ಧ ಉದಾಹರಣೆ ಸಾಕು.

ತಿರುಗಿಸಿದರೆ ಹೊಂದುವುದಿಲ್ಲ

“ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ.” ನಿಜ. “ಅಂಗಳ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿದೆ.” ಇದು ಹೊರಡುವುದಿಲ್ಲ. ಅಮ್ಮ ಬೆಳಿಗ್ಗೆ ಎದ್ದು ಸಗಣಿ ನೀರು ಹಾಕಿರಬಹುದು. ಹೊಗೆ ಇದ್ದಲ್ಲಿ ಬೆಂಕಿ ಇದೆ ಎಂದ ಮಾತ್ರಕ್ಕೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ನೋಡಿ, ಹೊಗೆಯೇ ಇರುವುದಿಲ್ಲ. ನ್ಯಾಯಶಾಸ್ತ್ರದವರೂ ಇದೇ ಕಾದ ಕಬ್ಬಿಣದ ಉದಾಹರಣೆ ಕೊಡುತ್ತಾರೆ.

ಇದನ್ನು ಹಾವಿಗೆ ಹಚ್ಚಿ. ವಿಷ ಏರಿದವನಿಗೆ ಬೆವರು, ತಲೆಸುತ್ತು, ವಾಂತಿ ಬರಬಹುದು. ಹಾಗಂತ ಬೆವರಿದವನಿಗೆಲ್ಲ ವಿಷ ಏರಿದೆ ಎನ್ನಲಾಗದು. ಹೆದರಿಕೆಗೂ ಬೆವರುತ್ತದೆ, ಹೆದರಿಕೆಗೂ ಕಣ್ಣು ಕತ್ತಲೆ ಬರುತ್ತದೆ. ವಿಷವಿಲ್ಲದ ಹಾವು ಕಚ್ಚಿ ಹೆದರಿದವನ ಮುಂದೆ ಹಿರಿಯರೊಬ್ಬರು ಕೂತು, ಬೇವಿನ ಸೊಪ್ಪು ನಿವಾಳಿಸಿ, “ಏನೂ ಆಗಲ್ಲ ಮಗಾ, ಇಳೀತು” ಅಂದರೆ ಹೆದರಿಕೆ ನಿಜವಾಗಿಯೂ ಇಳಿಯುತ್ತದೆ. ಬೆವರು ನಿಲ್ಲುತ್ತದೆ. ನೋಡಿದವರು ವಿಷ ಇಳಿಯಿತು ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಇಳಿದದ್ದು ಏನು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ

ಈಗ ಅಡಗಿದ್ದ (ಆ) ಮಾತಿಗೆ ಬರೋಣ. ಒಂದಾದ ಮೇಲೆ ಒಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಅಂದುಕೊಳ್ಳುವುದಕ್ಕೆ ‘ಕಾಕತಾಳೀಯ’ ಎಂಬ ಹಳೆಯ ಹೆಸರೇ ಇದೆ. ಕಾಗೆ ಬಂದು ಕೂತಿತು, ತಾಳೆಹಣ್ಣು ಬಿತ್ತು. ಕಾಗೆಯೇ ಬೀಳಿಸಿತು ಅನ್ನಬಹುದೇ?

ಅನ್ನಬಹುದೋ ಇಲ್ಲವೋ ಪರೀಕ್ಷಿಸಲು ಒಂದು ಸುಲಭ ಉಪಾಯ ಇದೆ. ನಾಲ್ಕು ಮನೆ ಬರೆದುಕೊಳ್ಳಿ:

ಮನೆ 1 - ಮಂತ್ರ ಹಾಕಿಸಿದರು, ಬದುಕಿದರು.
ಮನೆ 2 - ಮಂತ್ರ ಹಾಕಿಸಿದರು, ಸತ್ತರು.
ಮನೆ 3 - ಮಂತ್ರ ಹಾಕಿಸಲಿಲ್ಲ, ಬದುಕಿದರು.
ಮನೆ 4 - ಮಂತ್ರ ಹಾಕಿಸಲಿಲ್ಲ, ಸತ್ತರು.

ಅರಳಿಕಟ್ಟೆಯಲ್ಲಿ ನಾವು ಕೇಳುವುದೆಲ್ಲ ಮನೆ 1ರ ಕತೆ. ಬದುಕಿದವರು ಕಟ್ಟೆಯ ಮೇಲೆ ಕೂತು ತಮ್ಮ ಕತೆ ಹೇಳುತ್ತಾರೆ. ಮನೆ 2ರವರು ಬಂದು ಹೇಳುವುದಕ್ಕೆ ಆಗುವುದಿಲ್ಲ. ಮನೆ 3ರವರಿಗೆ ಹೇಳಲು ಕತೆಯೇ ಇಲ್ಲ: “ಏನೋ ಕಚ್ಚಿತ್ತು, ವಾಸಿಯಾಯ್ತು.” ನಾಲ್ಕೂ ಮನೆ ತುಂಬದೆ ಕಾರಣ ಗೊತ್ತಾಗುವುದಿಲ್ಲ.

ಈಗ ಒಂದು ಮುಖ್ಯ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ. ಅದರಲ್ಲಿ ವಿಷ ಏರುವುದು 18ರಿಂದ 27 ಲಕ್ಷ ಜನರಿಗೆ. ಹೆಚ್ಚೆಂದರೆ ಅರ್ಧ! ಉಳಿದವರಿಗೆ ಕಚ್ಚಿದ್ದು ವಿಷವಿಲ್ಲದ ಹಾವಾಗಿರುತ್ತದೆ, ಇಲ್ಲವೇ ವಿಷದ ಹಾವು ಕಚ್ಚಿಯೂ ವಿಷ ಬಿಟ್ಟಿರುವುದಿಲ್ಲ. ಅಂದರೆ ಅಡಗಿದ್ದ (ಅ) ಮಾತು ಅರ್ಧದಷ್ಟು ಸಲ ಸುಳ್ಳೇ.

ಸ್ವಲ್ಪ ಲೆಕ್ಕ ಮಾಡೋಣ. (ಇವು ಲೆಕ್ಕಕ್ಕಾಗಿ ನಾನೇ ಹಿಡಿದ ಸಂಖ್ಯೆಗಳು.) ಒಬ್ಬ ಮಂತ್ರದವರ ಹತ್ತಿರ 20 ಜನ ಬಂದರು ಅನ್ನಿ. 10 ಜನರಿಗೆ ವಿಷವೇ ಏರಿಲ್ಲ, ಅವರು ಬದುಕುತ್ತಾರೆ. ಉಳಿದ 10ರಲ್ಲಿ 6 ಜನರಿಗೆ ಏರಿದ ವಿಷ ಕಡಿಮೆ, ನರಳಿ ನರಳಿ ಅವರೂ ಬದುಕುತ್ತಾರೆ. 4 ಜನ ಸಾಯುತ್ತಾರೆ. ಇಪ್ಪತ್ತಕ್ಕೆ ಹದಿನಾರು, ಅಂದರೆ ನೂರಕ್ಕೆ ಎಂಬತ್ತು. ಪರೀಕ್ಷೆಯಲ್ಲಾದರೆ ಫಸ್ಟ್ ಕ್ಲಾಸ್! ಮಂತ್ರದ ಬದಲು ಮಗ್ಗಿ ಹೇಳಿದ್ದರೂ ಇಷ್ಟೇ ಅಂಕ ಬರುತ್ತಿತ್ತು. ಎಂಬತ್ತು ಅಂಕ ನೋಡಿ ಊರು ನಂಬುತ್ತದೆ. ಆದರೆ ಚಿಕಿತ್ಸೆ ಬೇಕಾಗಿದ್ದದ್ದು ಯಾರಿಗೆ? ಆ ನಾಲ್ಕು ಜನರಿಗೆ. ನಮ್ಮ ವಾದವೆಲ್ಲ ನಡೆಯಬೇಕಾಗಿರುವುದು ಆ ನಾಲ್ಕು ಜನರ ವಿಷಯದಲ್ಲಿ.

ಆ ನಾಲ್ಕು ಎಂಬುದು ದೇಶದ ಮಟ್ಟದಲ್ಲಿ ಎಷ್ಟಾಗುತ್ತದೆ ಗೊತ್ತೇ? 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ ಸರಾಸರಿ 58,000. ಅರ್ಧದಷ್ಟು ಸಾವು ಮಳೆಗಾಲದಲ್ಲಿ. ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 15 ವರ್ಷದೊಳಗಿನ ಮಕ್ಕಳು. ಈ ಗೋಡೆಯ ಮುಂದೆ ನಿಂತು ಓದುತ್ತಿರುವ ನಮ್ಮಂಥವರು.

ಹಿಡಿದ ಮೊಲಕ್ಕೆ ಮೂರೇ ಕಾಲು

ಮನೆ 2ನ್ನು ತೋರಿಸಿದರೆ ಏನು ಉತ್ತರ ಬರುತ್ತದೆ? “ಅವರಿಗೆ ನಂಬಿಕೆ ಇರಲಿಲ್ಲ.” “ಮೈಲಿಗೆಯಲ್ಲಿ ಬಂದ್ರು.” “ಅವರ ಆಯಸ್ಸು ಅಷ್ಟೇ ಇತ್ತು.” ಬದುಕಿದರೆ ಮಂತ್ರದಿಂದ, ಸತ್ತರೆ ಹಣೆಬರಹದಿಂದ. ಏನೇ ನಡೆದರೂ ಸೋಲದ ಹಾಗೆ ಕಟ್ಟಿದ ಮಾತು ಬಲವಾದ ಮಾತು ಅಂತ ನಮಗೆ ಅನ್ನಿಸುತ್ತದೆ. ವಾಸ್ತವವಾಗಿ ಅದೇ ದುರ್ಬಲ. ಹೀಗಾಗಿಬಿಟ್ಟರೆ ನನ್ನ ಮಾತು ತಪ್ಪು ಎಂದು ಮೊದಲೇ ಹೇಳಲು ಆಗದಿದ್ದರೆ ಆ ಮಾತನ್ನು ಪರೀಕ್ಷಿಸುವುದು ಹೇಗೆ?

ಯಾರು ಹೇಳಿದರು, ಏನು ಹೇಳಿದರು

ಇಲ್ಲಿ ನಮ್ಮ ಕಡೆಯವರೂ ಜಾರುತ್ತಾರೆ. “ಮಂತ್ರದೋನು ಹೆಬ್ಬೆಟ್ಟು, ಅವನ ಮಾತೇನು ಕೇಳ್ತೀರಿ” ಅಂದರೆ ಅದು ವಾದವಲ್ಲ, ಬೈಗುಳ. ಮಂತ್ರ ಹಾಕುವ ಎಷ್ಟೋ ಅಜ್ಜಂದಿರು ಕಾಸು ಮುಟ್ಟುವುದಿಲ್ಲ. ನಡುರಾತ್ರಿ ಕರೆದರೂ ಎದ್ದು ಬರುತ್ತಾರೆ. ಅವರ ಒಳ್ಳೆಯತನ ದೊಡ್ಡದು. ಆದರೆ ಒಳ್ಳೆಯವರು ಹೇಳಿದ್ದೆಲ್ಲ ಸರಿ ಎಂದೂ ಅಲ್ಲ, ಓದಿಲ್ಲದವರು ಹೇಳಿದ್ದೆಲ್ಲ ತಪ್ಪು ಎಂದೂ ಅಲ್ಲ. ವ್ಯಕ್ತಿಗೆ ಕೊಡುವ ಗೌರವ ಬೇರೆ, ವಾದಕ್ಕೆ ಕೊಡುವ ಅಂಕ ಬೇರೆ. “ಅಜ್ಜನ ಕಾಲದಿಂದ ನಡೆದು ಬಂದಿದೆ” ಎಂಬುದಕ್ಕೂ ಇದೇ ಉತ್ತರ. ಹಳೆಯದು ಎಂಬುದು ವಯಸ್ಸಿನ ಲೆಕ್ಕ, ನಿಜದ ಲೆಕ್ಕವಲ್ಲ.

ನಮ್ಮ ಪಕ್ಷವನ್ನೂ ಅದೇ ತಕ್ಕಡಿಗೆ ಹಾಕಬೇಕು

ಒಬ್ಬರು ಹಿರಿಯರು ನನ್ನನ್ನು ಕೇಳಿದರು: “ಆಸ್ಪತ್ರೆಗೆ ಹೋದೋರೂ ಸತ್ತಿದ್ದಾರಲ್ಲವ್ವ? ಅವರೂ ‘ತಡವಾಗಿ ಬಂದ್ರಿ’ ಅಂತಾರೆ, ಇವರೂ ನೆಪ ಹೇಳ್ತಾರೆ. ಏನು ವ್ಯತ್ಯಾಸ?” ಒಳ್ಳೆಯ ಪ್ರಶ್ನೆ. ತಕ್ಕಡಿ ಒಂದೇ ಇರಬೇಕು.

ವ್ಯತ್ಯಾಸ ಇದು: ಡಾಕ್ಟರ ಮಾತನ್ನು ಪರೀಕ್ಷಿಸಬಹುದು. ಕೊಳಕು ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ ರೋಗಿಯ 2 ಮಿಲಿ ಲೀಟರ್ ರಕ್ತವನ್ನು ಶುಚಿಯಾದ ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ನಳಿಕೆಯನ್ನು ಬಗ್ಗಿಸುತ್ತಾರೆ. ರಕ್ತ ಗಟ್ಟಿಯಾಗಿದ್ದರೆ ಸರಿ. ನೀರಿನ ಹಾಗೆ ಹರಿದರೆ ವಿಷ ಏರಿದೆ ಎಂದರ್ಥ. ಔಷಧಿ ಕೊಟ್ಟು ಕೆಲವು ಗಂಟೆಯ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡುತ್ತಾರೆ. ಇಲ್ಲಿ ಸೋಲಲು ಅವಕಾಶ ಇದೆ. ಔಷಧಿ ಕೆಲಸ ಮಾಡದಿದ್ದರೆ ರಕ್ತ ಹರಿದು ಹೇಳಿಬಿಡುತ್ತದೆ. ‘ಬೇವು ಕಹಿ ಹತ್ತಿತಾ, ಹಾಗಾದ್ರೆ ಇಳೀತು’ ಎಂಬ ಪರೀಕ್ಷೆಗೂ ಇದಕ್ಕೂ ಇರುವ ಅಂತರ ಇದೇ. ಬೇವಿನ ಕಹಿಗೂ ರಕ್ತದಲ್ಲಿರುವ ವಿಷಕ್ಕೂ ವ್ಯಾಪ್ತಿ ಇದೆ ಎಂದು ತೋರಿಸಿದವರಿಲ್ಲ.

‘ತಡ’ ಎಂಬುದಕ್ಕೂ ಕಾರಣ ಇದೆ. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಹಾವಿನ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ವಿಷನಿರೋಧಕವನ್ನು ತೆಗೆದು ಔಷಧಿ ಮಾಡುತ್ತಾರೆ. ಅದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ವಿಷ ಆಗಲೇ ನರಕ್ಕೋ ಮೂತ್ರಪಿಂಡಕ್ಕೋ ಮಾಡಿದ ಗಾಯವನ್ನು ಅದು ಅಳಿಸಲಾರದು. ಅದಕ್ಕೇ ಬೇಗ ಬಂದವರಿಗೆ ಹೆಚ್ಚು ಗುಣ.

ಆಸ್ಪತ್ರೆಯ ಮಿತಿಯನ್ನೂ ಹೇಳಬೇಕು. ನಮ್ಮಲ್ಲಿ ಸಿಗುವ ಔಷಧಿ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು. ಎಲ್ಲಾ ವಿಷದ ಹಾವಿಗೂ ಅದು ಹೊಂದುವುದಿಲ್ಲ. ಕೆಲವರ ಮೈಗೆ ಔಷಧಿಯೇ ಒಗ್ಗುವುದಿಲ್ಲ, ಆದ್ದರಿಂದ ವಿಷದ ಲಕ್ಷಣ ಕಾಣದೆ ಕೊಡುವುದಿಲ್ಲ. ಮಲಗಿಸಿಕೊಂಡು ಕಾದು ನೋಡುತ್ತಾರೆ. ಅಲ್ಲಿ ಹೋದರೆ ಬದುಕುವುದು ‘ಖಂಡಿತ’ ಅಲ್ಲ, ‘ಹೆಚ್ಚು ಸಂಭವ’. ಅನುಭವದಿಂದ ಕಟ್ಟುವ ತೀರ್ಮಾನಗಳೆಲ್ಲ ಹೀಗೆಯೇ. ಆಧಾರ ಎಷ್ಟು ತೂಗುತ್ತದೋ ಅಷ್ಟೇ ಜೋರಾಗಿ ಹೇಳಬೇಕು.

ಹಾಗಾದರೆ ಏನು ಮಾಡುವುದು?

“ಮಂತ್ರವೋ ಆಸ್ಪತ್ರೆಯೋ, ಒಂದು ಹೇಳು” ಅಂತ ಕೇಳಿದರೆ ಜಗಳವಾಗುತ್ತದೆ. ಜಗಳವೇ ಬೇಕಿಲ್ಲ. ಕಚ್ಚಿದ ಹೊತ್ತಿಗೆ ವಿಷ ಏರಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ವಿಷ ಏರಿಲ್ಲದಿದ್ದರೆ ಆಸ್ಪತ್ರೆಗೆ ಹೋದದ್ದರಿಂದ ಹೋಗುವುದು ಒಂದು ದಿನದ ಕೂಲಿ, ಬಸ್ ಚಾರ್ಜು. ಏರಿದ್ದರೆ ಹೋಗದೆ ಇದ್ದದ್ದರಿಂದ ಹೋಗುವುದು ಜೀವ. ಎರಡು ನಷ್ಟವನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕಿ ನೋಡಿ. ಪ್ರಾರ್ಥನೆ ಮಾಡುವವರು ದಾರಿಯಲ್ಲೇ ಮಾಡಲಿ, ಗಾಡಿ ಮಾತ್ರ ನಿಲ್ಲಬಾರದು.

ನೆನಪಿಡಿ: ಧೈರ್ಯ ಹೇಳಿ. ಓಡಾಡಿಸಬೇಡಿ. ಕಚ್ಚಿದ ಕೈ ಅಥವಾ ಕಾಲಿಗೆ ದಬ್ಬೆ ಕಟ್ಟಿ ಅಲ್ಲಾಡದಂತೆ ಮಾಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಇದರಿಂದ ನಾಲ್ಕು ಮನೆಗಳ ಲೆಕ್ಕ ಮುಂದೆ ಸರಿಯಾಗಿ ಸಿಗುವಂತಾಗಲಿ.

ನೀವೇ ತೂಗಿ ನೋಡಿ

ಕೆಳಗಿನ ನಾಲ್ಕು ವಾದಗಳಲ್ಲಿ ಎಲ್ಲಿ ಸಡಿಲ ಇದೆ ಹೇಳಿ.

1. “ಚೆನ್ನಾಗಿ ಓದಿದ್ರೆ ಪಾಸಾಗ್ತಾರೆ. ಅವನು ಪಾಸಾಗಿದ್ದಾನೆ. ಅಂದ್ಮೇಲೆ ಚೆನ್ನಾಗಿ ಓದಿದ್ದಾನೆ.”
2. “ಕತ್ತೆಗಳಿಗೆ ಮದುವೆ ಮಾಡಿಸಿದ್ವಿ, ಹದಿನೈದು ದಿನದಲ್ಲಿ ಮಳೆ ಬಂತು.”
3. “ಈ ಗೊಬ್ಬರ ಒಳ್ಳೇದು. ಯಾಕಂದ್ರೆ ಗೋಡೆ ಮೇಲೆ ಸಿನಿಮಾ ನಟರ ಚಿತ್ರ ಹಾಕಿ ಬರೆದಿದ್ದಾರೆ.”
4. “1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹ ಹಾಲು ಕುಡಿದದ್ದನ್ನು ಸಾವಿರಾರು ಜನ ಕಣ್ಣಾರೆ ಕಂಡರು.”

ಉತ್ತರ: ಒಂದನೆಯದು ಅಂಗಳದ ಒದ್ದೆಯ ಕತೆ. ಎರಡನೆಯದು ಕಾಗೆಯ ಕತೆ. ಮದುವೆ ಮಾಡಿಸುವುದೇ ಮಳೆ ಬರಬೇಕಾದ ಕಾಲದಲ್ಲಿ, ಮದುವೆ ಮಾಡಿಸದ ಊರಿಗೂ ಮಳೆ ಬಂತೇ ಕೇಳಿ. ಮೂರನೆಯದರಲ್ಲಿ ನಟರಿಗೆ ನಟನೆ ಗೊತ್ತು, ಗೊಬ್ಬರ ಗೊತ್ತೆಂದು ಯಾರು ಹೇಳಿದರು? ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಜನ ಕಣ್ಣಾರೆ ಕಂಡದ್ದು ಚಮಚದ ಹಾಲು ಕಡಿಮೆಯಾದದ್ದನ್ನು. ‘ಕುಡಿಯಿತು’ ಎಂಬುದು ಕಂಡದ್ದಲ್ಲ, ಕಂಡದ್ದರಿಂದ ಮಾಡಿದ ತೀರ್ಮಾನ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ನೋಡಿದಾಗ ಅದು ತೆಳ್ಳಗೆ ವಿಗ್ರಹದ ಮೈಮೇಲೆ ಇಳಿದು ಹೋಗುವುದು ಕಾಣಿಸಿತು. ಕಲ್ಲಿನ ಮೈಗೆ ತಾಗಿದ ಹನಿಯನ್ನು ಮೇಲ್ಮೈ ಎಳೆತ ಎಳೆದುಕೊಂಡಿತ್ತು.

ನಮ್ಮ ನಾಡಿನವರೇ ಆದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ನಮಗೆ ಸಮಿತಿ ಬೇಡ, ಒಂದು ಗಾದೆ ಸಾಕು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಈ ಲೇಖನವನ್ನೂ ಹಾಗೇ ನೋಡಿ. ಎಲ್ಲಾದರೂ ನನ್ನ ವಾದದ ಕೊಂಡಿ ಸಡಿಲ ಇದೆ ಅನ್ನಿಸಿದರೆ ಒಂದು ಚೀಟಿಯಲ್ಲಿ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಕಾರಣ ಬರೆಯುವುದನ್ನು ಮಾತ್ರ ಮರೆಯಬೇಡಿ. ಮುಂದಿನ ಸಂಚಿಕೆಯಲ್ಲಿ ಅದನ್ನೂ ಹಾಕುತ್ತೇವೆ.

- ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ